ಜೀವಕೋಶ ಕಂಡದ್ದು ಹೇಗೆ, ತಪ್ಪಾಗಿ ಕಂಡದ್ದು ಏಕೆ

1823ರಲ್ಲಿ ಪ್ಯಾರಿಸ್‌ನ ಆನ್ರಿ ಮಿಲ್ನ್-ಎಡ್ವರ್ಡ್ಸ್ ತನ್ನ ಪ್ರಬಂಧದಲ್ಲಿ ಒಂದು ಅಳತೆ ಕೊಟ್ಟ. ಪ್ರಾಣಿದೇಹದ ಯಾವ ಅಂಗಾಂಶವನ್ನೇ ತೆಗೆದುಕೊಳ್ಳಿ, ಅದು ಸಣ್ಣ ಸಣ್ಣ ಗುಂಡುಗಳಿಂದ ಆದದ್ದು. ಪ್ರತಿ ಗುಂಡಿನ ವ್ಯಾಸ ಒಂದು ಮಿಲಿಮೀಟರಿನ ಮುನ್ನೂರನೇ ಒಂದು ಭಾಗ. ಸ್ನಾಯುವಿನಲ್ಲೂ ಅದೇ, ನರದಲ್ಲೂ ಅದೇ. ಆ ಕಾಲದ ಬೇರೆ ಕೆಲವರಿಗೂ ಇಂಥವೇ ಗುಂಡುಗಳು ಕಂಡಿದ್ದವು. ಆದರೆ ಅವು ಅಂಗಾಂಶದಲ್ಲಿ ಇರಲೇ ಇಲ್ಲ. ಹುಟ್ಟಿದ್ದು ಮಸೂರದಲ್ಲಿ.

ಜೀವಿಗಳೆಲ್ಲ ಕೋಶಗಳಿಂದ ಆದವು, ಕೋಶವೇ ಜೀವದ ಘಟಕ, ಕೋಶ ಹುಟ್ಟುವುದು ಕೋಶದಿಂದಲೇ: ಈ ಮೂರು ಅಂಶಗಳೇ ಜೀವಕೋಶ ಸಿದ್ಧಾಂತ. ನಮ್ಮ ಪಠ್ಯಪುಸ್ತಕಗಳಲ್ಲಿ ಅದರ ಇತಿಹಾಸ ಎಂದರೆ ಹೆಸರು, ಇಸವಿಗಳ ಒಂದು ಸಾಲು: ಹುಕ್ 1665, ಶ್ಲೈಡನ್ 1838, ಶ್ವಾನ್ 1839, ವಿರ್ಖೋ 1855. ಪರೀಕ್ಷೆಗೆ ಅಷ್ಟು ಸಾಕು. ಹುಕ್‌ಗೂ ಶ್ಲೈಡನ್‌ಗೂ ನಡುವೆ 173 ವರ್ಷ ಏಕೆ ಹಿಡಿಯಿತು ಎಂದು ಕೇಳಿದರೆ ಮಾತ್ರ ಆ ಸಾಲಿನಲ್ಲಿ ಉತ್ತರವಿಲ್ಲ. ಆಗಿನವರ ಬುದ್ಧಿಗೆ ಕೊರತೆ ಇರಲಿಲ್ಲ. ಯಾವ ವಸ್ತುವನ್ನು ಆರಿಸಿಕೊಂಡರು, ಅದನ್ನು ಹೇಗೆ ಕತ್ತರಿಸಿದರು, ಯಾವ ಗಾಜಿನಲ್ಲಿ, ಯಾವ ಬೆಳಕಿನಲ್ಲಿ ನೋಡಿದರು ಎಂಬುದರಲ್ಲೇ ಎಲ್ಲ ಇದೆ. ಈ ಚರಿತ್ರೆಯ ದೊಡ್ಡ ತಪ್ಪುಗಳಿಗೆಲ್ಲ ಬೆರಳಿಟ್ಟು ತೋರಿಸಬಹುದಾದ ಕಾರಣ ಇದೆ. ಆ ಕಾರಣಗಳನ್ನು ಬಿಟ್ಟು ಸಿದ್ಧಾಂತವನ್ನು ಮಾತ್ರ ಕಲಿಸಿದರೆ ಮಕ್ಕಳಿಗೆ ಅರ್ಧಕ್ಕಿಂತ ಕಡಿಮೆ ಕಲಿಸಿದಂತೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾಬರ್ಟ್ ಹುಕ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ಅವನ 1665ರ ಪುಸ್ತಕ ‘ಮೈಕ್ರೊಗ್ರಾಫಿಯಾ’ದ 18ನೇ ಅವಲೋಕನದಲ್ಲಿ ಬೆಂಡಿನ, ಅಂದರೆ ಬಾಟಲಿಯ ಬಿರಡೆ ಮಾಡುವ ಕಾರ್ಕ್ ತೊಗಟೆಯ, ಮಾತು ಬರುತ್ತದೆ. ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಚಾಕುವಿನಿಂದ ಬೆಂಡಿನ ಒಂದು ತುಂಡನ್ನು ಕೊಯ್ದು ಮೈ ನುಣುಪಾಗಿಸಿದ. ನೋಡಿದಾಗ ರಂಧ್ರಗಳಂತೆ ಏನೋ ಕಂಡಿತು, ಖಚಿತವಾಗಲಿಲ್ಲ. ಅದೇ ನುಣುಪು ಮೈಯಿಂದ ತೀರ ತೆಳುವಾದ ಒಂದು ಪದರ ಎಬ್ಬಿಸಿದ. ಪದರ ಬಿಳಿ, ಆದ್ದರಿಂದ ಅದನ್ನು ಕಪ್ಪು ತಟ್ಟೆಯ ಮೇಲಿಟ್ಟು, ದಪ್ಪ ಉಬ್ಬುಮಸೂರವೊಂದರಿಂದ ಮೇಲಿನಿಂದ ಬೆಳಕು ಬಿಟ್ಟ. ಈಗ ಗೋಡೆಗಳು ಸ್ಪಷ್ಟವಾದವು. ಒಂದು ಅಂಗುಲದ 18ನೇ ಒಂದು ಭಾಗದಲ್ಲಿ 60 ಕೋಶ ಎಣಿಸಿದ. ಅಂದರೆ ಅಂಗುಲಕ್ಕೆ 1,080. ಚದರ ಅಂಗುಲಕ್ಕೆ 11,66,400. ಘನ ಅಂಗುಲಕ್ಕೆ 125 ಕೋಟಿಗೂ ಮೇಲೆ. ಈ ಲೆಕ್ಕದಲ್ಲಿ ಒಂದು ಕೋಶದ ಅಗಲ ಸುಮಾರು 23.5 ಮೈಕ್ರೊಮೀಟರ್. ಇವತ್ತು ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ಅಳೆದರೂ ಬೆಂಡಿನ ಕೋಶ ಅದರ ಆಸುಪಾಸಿನಲ್ಲೇ ಸಿಗುತ್ತದೆ.

ಅಂದರೆ ಒಂದೂವರೆ ಶತಮಾನದಷ್ಟು ಹಳೆಯ, ಕಳಪೆ ಉಪಕರಣದಲ್ಲಿ ಹುಕ್ ಸರಿಯಾದ ಅಳತೆ ತೆಗೆದ. ಮಿಲ್ನ್-ಎಡ್ವರ್ಡ್ಸ್ ಇಲ್ಲದ್ದನ್ನು ಅಳೆದ. ವ್ಯತ್ಯಾಸ ಇರುವುದು ವಸ್ತುವಿನಲ್ಲಿ. ಬೆಂಡು ಒಣಗಿದ್ದು, ಕೋಶದ ಒಳಗೆ ಬರೀ ಗಾಳಿ, ಸುತ್ತ ಗಟ್ಟಿ ಗೋಡೆ. 50 ಪಟ್ಟು ದೊಡ್ಡದು ಮಾಡಿದರೂ ಸಾಕು, ಅಂಚು ಮಸುಕಾದರೂ ಗೋಡೆ ಗೋಡೆಯಾಗಿಯೇ ಕಾಣುತ್ತದೆ. ಹುಕ್ ಕೇಳಿದ ಪ್ರಶ್ನೆಯೂ ಅದಕ್ಕೆ ತಕ್ಕದ್ದೇ: ಬೆಂಡು ಇಷ್ಟು ಹಗುರ ಏಕೆ, ನೀರು ಕುಡಿಯುವುದಿಲ್ಲ ಏಕೆ, ಅದುಮಿದರೆ ಮತ್ತೆ ಉಬ್ಬುತ್ತದೆ ಏಕೆ? ಜೀವದ ಘಟಕ ಯಾವುದು ಎಂದು ಅವನು ಹುಡುಕುತ್ತಿರಲಿಲ್ಲ. ಹಸಿ ಗಿಡಗಳ ಕೋಶಗಳಲ್ಲಿ ರಸ ತುಂಬಿರುವುದನ್ನು ಅವನು ಗಮನಿಸಿದ್ದ, ಆದರೆ ಆ ರಸದೊಳಗೆ ಏನಿದೆ ಎಂದು ನೋಡುವ ಶಕ್ತಿ ಅವನ ಮಸೂರಕ್ಕೆ ಇರಲಿಲ್ಲ.

ಈ ಪ್ರಯೋಗವನ್ನು ಯಾರು ಬೇಕಾದರೂ ಮಾಡಬಹುದು. ಬಾಟಲಿಯ ಬಿರಡೆ ನಿಜವಾದ ಬೆಂಡಿನದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಈಗ ಪ್ಲಾಸ್ಟಿಕ್ಕಿನವೂ ಬಹಳ. ಪುಡಿಯನ್ನು ಅಂಟಿಸಿ ಮಾಡಿದ ಬಿರಡೆಯೂ ಬೇಡ. ಹೊಸ ಬ್ಲೇಡು ಬೇಕು, ಒಮ್ಮೆ ಕಾಗದ ಕತ್ತರಿಸಿದ ಬ್ಲೇಡು ಬೆಂಡನ್ನು ಹರಿಯುತ್ತದೆ. ಒಂದೇ ದಪ್ಪದ ಪದರ ತೆಗೆಯಲು ಹೆಣಗಬೇಡಿ. ಬ್ಲೇಡನ್ನು ತುಸು ಓರೆಯಾಗಿ ನಡೆಸಿ, ಒಂದು ಕಡೆ ದಪ್ಪವಾಗಿ ಶುರುವಾಗಿ ಇನ್ನೊಂದು ಕಡೆ ಇಲ್ಲವಾಗುವ ಚೂರು ತೆಗೆಯಿರಿ. ನೋಡಬೇಕಾದದ್ದು ಆ ಇಲ್ಲವಾಗುವ ಅಂಚನ್ನು; ಅಲ್ಲಿ ಮಾತ್ರ ಒಂದೇ ಕೋಶದ ದಪ್ಪ ಸಿಗುತ್ತದೆ. ನೀರಿನಲ್ಲಿಟ್ಟರೆ ಒಳಗಿನ ಗಾಳಿಯಿಂದ ಎಲ್ಲ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿ. ಕೊಯ್ಯುವ ದಿಕ್ಕನ್ನೂ ಬದಲಿಸಿ ನೋಡಿ: ಮರದ ಹೊರಮೈಗೆ ಸಮಾನಾಂತರವಾಗಿ ಕೊಯ್ದರೆ ಆರು ಮೂಲೆಯ ಮನೆಗಳು, ಅಡ್ಡಕ್ಕೆ ಕೊಯ್ದರೆ ಇಟ್ಟಿಗೆ ಜೋಡಿಸಿದಂಥ ಸಾಲುಗಳು. ಹುಕ್‌ನ ಚಿತ್ರದಲ್ಲಿ ಎರಡೂ ಇವೆ.

ಎರಡು ಮೂರು ಮಸೂರ ಜೋಡಿಸಿದ ಆ ಕಾಲದ ಸೂಕ್ಷ್ಮದರ್ಶಕಕ್ಕೆ ಎರಡು ರೋಗ. ಗಾಜು ಬೇರೆ ಬೇರೆ ಬಣ್ಣವನ್ನು ಬೇರೆ ಬೇರೆ ಕಡೆ ಕೇಂದ್ರೀಕರಿಸುತ್ತದೆ, ಆದ್ದರಿಂದ ವಸ್ತುವಿನ ಸುತ್ತ ಕೆಂಪು-ನೀಲಿ ಅಂಚು. ಇದು ವರ್ಣವಿಪಥನ. ಮಸೂರದ ಅಂಚಿನಲ್ಲಿ ಹಾಯ್ದ ಬೆಳಕು, ನಡುವಿನಲ್ಲಿ ಹಾಯ್ದ ಬೆಳಕು ಒಂದೇ ಬಿಂದುವಿಗೆ ಸೇರುವುದಿಲ್ಲ, ಹಾಗಾಗಿ ಪ್ರತಿ ಚುಕ್ಕಿಯ ಸುತ್ತ ಒಂದು ಮಬ್ಬು ವೃತ್ತ. ಇದು ಗೋಳೀಯ ವಿಪಥನ. ಮುಂದಿನ ಮಸೂರ ಚಿತ್ರದ ಜೊತೆಗೆ ಈ ದೋಷವನ್ನೂ ಹಿಗ್ಗಿಸುತ್ತದೆ. ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಇದರಿಂದ ತಪ್ಪಿಸಿಕೊಂಡದ್ದು ಒಂದೇ ಪುಟ್ಟ ಮಸೂರ ಬಳಸಿ. 1676ರಲ್ಲಿ ನೀರಿನ ಸೂಕ್ಷ್ಮಜೀವಿಗಳ ಬಗ್ಗೆ ಅವನು ಬರೆದ ಪತ್ರಕ್ಕೆ, 1683ರಲ್ಲಿ ಹಲ್ಲಿನ ಕೊಳೆಯ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದದ್ದಕ್ಕೆ ಅದೇ ಆಧಾರ. ಉಳಿದಿರುವ ಅವನ ಉಪಕರಣಗಳಲ್ಲಿ ಉಟ್ರೆಕ್ಟ್‌ನಲ್ಲಿರುವುದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ.

ಅಂಥ ಮಸೂರ ಮಾಡುವ ಒಂದು ವಿಧಾನವನ್ನು ಹುಕ್ ತನ್ನ ಪುಸ್ತಕದ ಮುನ್ನುಡಿಯಲ್ಲೇ ಹೇಳಿದ್ದಾನೆ: ಗಾಜನ್ನು ದೀಪದ ಉರಿಯಲ್ಲಿ ಕಾಯಿಸಿ ಎಳೆದು ಸಣ್ಣ ಎಳೆ ಮಾಡಿ, ಆ ಎಳೆಯ ತುದಿಯನ್ನು ಮತ್ತೆ ಉರಿಗೆ ಹಿಡಿದರೆ ಅದು ತಾನೇ ಗುಂಡಾಗುತ್ತದೆ. ಅದನ್ನು ತೆಳು ಲೋಹದ ತಗಡಿನ ಸೂಜಿರಂಧ್ರಕ್ಕೆ ಮೇಣದಿಂದ ಕೂರಿಸಬೇಕು. 2 ಮಿಲಿಮೀಟರ್ ವ್ಯಾಸದ ಗುಂಡಿನ ನಾಭಿದೂರ ಸುಮಾರು 1.5 ಮಿಲಿಮೀಟರ್, ಹಿಗ್ಗುವಿಕೆ ಸುಮಾರು 165 ಪಟ್ಟು. ಗುಂಡು ಸಣ್ಣದಾದಷ್ಟೂ ಶಕ್ತಿ ಹೆಚ್ಚು, ಕಣ್ಣನ್ನು ಅದಕ್ಕೆ ಒತ್ತಿ ಹಿಡಿಯುವ ಕಷ್ಟವೂ ಹೆಚ್ಚು. ಉರಿ ಹೊಗೆಯಾಡಿದರೆ ಗುಂಡಿನಲ್ಲಿ ಮಸಿ ಕೂರುತ್ತದೆ, ಎಳೆಯಲ್ಲಿ ಗಾಳಿಗುಳ್ಳೆ ಇದ್ದರೆ ಗುಂಡು ಕೆಲಸಕ್ಕೆ ಬಾರದು.

ಜೋಡಿ ಮಸೂರಗಳ ರೋಗಕ್ಕೆ ಮದ್ದು ಸಿಗುವ ಹೊತ್ತಿಗೆ 19ನೇ ಶತಮಾನ ಬಂದಿತ್ತು. ಎರಡು ಜಾತಿಯ ಗಾಜು ಕೂಡಿಸಿ ಬಣ್ಣದ ಅಂಚು ಕಳೆಯುವ ಉಪಾಯ ದೂರದರ್ಶಕಕ್ಕೆ ಅಷ್ಟರಲ್ಲೇ ಬಂದಿದ್ದರೂ ಸೂಕ್ಷ್ಮದರ್ಶಕದ ಪುಟ್ಟ ಮಸೂರಗಳಲ್ಲಿ ಅದನ್ನು ಸಾಧಿಸುವುದು ಕಷ್ಟವಾಗಿತ್ತು. ಲಂಡನ್ನಿನ ದ್ರಾಕ್ಷಾರಸ ವ್ಯಾಪಾರಿ ಜೋಸೆಫ್ ಜಾಕ್ಸನ್ ಲಿಸ್ಟರ್ ಬಿಡುವಿನಲ್ಲಿ ಇದರ ಹಿಂದೆ ಬಿದ್ದ. ಅಂಥ ಪ್ರತಿ ಜೋಡಿ ಮಸೂರಕ್ಕೂ ಗೋಳೀಯ ವಿಪಥನ ಇಲ್ಲವಾಗುವ ಎರಡು ಸ್ಥಾನ ಇರುತ್ತವೆ, ಅವುಗಳನ್ನು ಲೆಕ್ಕ ಹಿಡಿದು ಮಸೂರಗಳ ನಡುವಿನ ಅಂತರ ಇಟ್ಟರೆ ಒಂದರ ದೋಷ ಇನ್ನೊಂದು ಹೊಡೆದುಹಾಕುತ್ತದೆ ಎಂದು 1830ರಲ್ಲಿ ತೋರಿಸಿದ. ಅದಕ್ಕೂ ಮೂರು ವರ್ಷ ಮೊದಲೇ, 1827ರಲ್ಲಿ, ವೈದ್ಯ ಥಾಮಸ್ ಹಾಜ್‌ಕಿನ್ ಜೊತೆ ಸೇರಿ ರಕ್ತವನ್ನೂ ಸ್ನಾಯುವನ್ನೂ ತನ್ನ ಹೊಸ ಮಸೂರದಲ್ಲಿ ನೋಡಿ ವರದಿ ಬರೆದಿದ್ದ. ಕೆಂಪು ರಕ್ತಕಣ ಗುಂಡಲ್ಲ, ಎರಡೂ ಬದಿ ತಗ್ಗಾದ ಬಿಲ್ಲೆ. ಸ್ನಾಯುವಿನಲ್ಲಿ ಗುಂಡುಗಳಿಲ್ಲ, ಅಡ್ಡಗೆರೆಗಳಿವೆ. ಗುಂಡುಗಳ ಸಿದ್ಧಾಂತ ಅಲ್ಲಿಂದ ಇಳಿಯತೊಡಗಿತು. ಈ ಚರಿತ್ರೆಯಲ್ಲಿ ಲಿಸ್ಟರ್‌ಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಮಗ ಶಸ್ತ್ರವೈದ್ಯ ಲಿಸ್ಟರ್‌ನ ಹೆಸರೇ ಎಲ್ಲರಿಗೂ ಗೊತ್ತು.

ಇಲ್ಲದ ಗುಂಡು ಕಾಣಿಸುವ ತಪ್ಪು ಇವತ್ತಿನ ಕಾಲೇಜು ಲ್ಯಾಬಿನಲ್ಲೂ ನಡೆಯುತ್ತದೆ. ಬಣ್ಣ ಹಾಕದ ಸ್ಲೈಡಿನಲ್ಲಿ ಏನೂ ಕಾಣುವುದಿಲ್ಲ ಎಂದು ಕಂಡೆನ್ಸರ್‌ನ ಐರಿಸ್, ಅಂದರೆ ಸ್ಲೈಡಿನ ಕೆಳಗಿನಿಂದ ಬರುವ ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ಕಿಂಡಿ, ಪೂರ್ತಿ ಮುಚ್ಚುತ್ತಾರೆ. ಅಂಚುಗಳು ಎದ್ದು ಕಾಣುತ್ತವೆ ನಿಜ, ಜೊತೆಗೆ ಪ್ರತಿ ಕಣದ ಸುತ್ತ ಬೆಳಕಿನ ಉಂಗುರಗಳೂ ಏಳುತ್ತವೆ. ಫೋಕಸ್ ತುಸು ಆಚೀಚೆ ಮಾಡಿದರೆ ನವಿರಾದ ಅಂಗಾಂಶವೆಲ್ಲ ಗುಂಡುಗಳಿಂದ ತುಂಬಿದಂತೆ ಕಾಣುತ್ತದೆ. ಐರಿಸ್ ತೆರೆದರೆ ಮಾಯ. ತೆರೆದು ಮುಚ್ಚಿ ನೋಡದೆ ಚಿತ್ರ ಬರೆಯಬಾರದು.

1831ರ ನವೆಂಬರಿನಲ್ಲಿ ರಾಬರ್ಟ್ ಬ್ರೌನ್ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಆರ್ಕಿಡ್‌ಗಳ ಬಗ್ಗೆ ಓದಿದ ಪ್ರಬಂಧದಲ್ಲಿ, ಸಿಪ್ಪೆಯ ಪ್ರತಿ ಕೋಶದಲ್ಲೂ ದುಂಡನೆಯ ಒಂದು ಕಾಯ ಇದೆ, ಸಾಮಾನ್ಯವಾಗಿ ಕೋಶಕ್ಕೆ ಒಂದೇ, ಎಂದು ಹೇಳಿದ. ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟ, ನಮ್ಮ ಕೋಶಕೇಂದ್ರ. ಬ್ರೌನ್ ಹೊಸ ಜೋಡಿ ಮಸೂರ ಬಳಸಲಿಲ್ಲ, ಒಂಟಿ ಮಸೂರದಲ್ಲೇ ನೋಡಿದ. ಟ್ರಾಡೆಸ್ಕ್ಯಾನ್ಷಿಯಾ ಹೂವಿನ ಕೇಸರದ ರೋಮಗಳಲ್ಲೂ ಅದನ್ನು ಗುರುತಿಸಿದ. ವಸ್ತುವಿನ ಆಯ್ಕೆ ಎಂದರೆ ಇದು: ಆ ರೋಮಗಳು ಒಂದರ ತುದಿಗೆ ಒಂದು ಪೋಣಿಸಿದ ಕೋಶಗಳ ಸರ, ಕೊಯ್ಯುವುದೇ ಬೇಡ, ಪಾರದರ್ಶಕ, ಜೀವಂತ. ಬೆಂಗಳೂರಿನ ಪಾರ್ಕುಗಳ ಅಂಚಿನಲ್ಲಿ ನೆಡುವ ನೇರಳೆ ಎಲೆಯ ಗಿಡವೂ ಅದೇ ಕುಲದ್ದು. ಬೆಳಿಗ್ಗೆ ಅರಳಿದ ಹೂವಿನ ಕೇಸರವನ್ನು ಚಿಮುಟದಿಂದ ಕಿತ್ತು ಒಂದು ಹನಿ ನೀರಿನಲ್ಲಿಟ್ಟು ಕವರ್ ಸ್ಲಿಪ್ ಓರೆಯಾಗಿ ಇಳಿಸಿದರೆ ಕೋಶಕೇಂದ್ರವೂ ಕಾಣುತ್ತದೆ, ಅದರ ಸುತ್ತ ಹರಿಯುವ ಕೋಶದ್ರವ್ಯವೂ ಕಾಣುತ್ತದೆ. ಕವರ್ ಸ್ಲಿಪ್ ಒತ್ತಬೇಡಿ, ಒತ್ತಿದರೆ ಹರಿವು ನಿಲ್ಲುತ್ತದೆ.

ಮತ್ತಿಯಾಸ್ ಶ್ಲೈಡನ್ ವಕೀಲಿ ಬಿಟ್ಟು ಸಸ್ಯಶಾಸ್ತ್ರಕ್ಕೆ ಬಂದವನು. ಬ್ರೌನ್‌ನ ಕೋಶಕೇಂದ್ರ ಬರೀ ಒಂದು ಭಾಗವಲ್ಲ, ಕೋಶ ಹುಟ್ಟುವುದೇ ಅದರಿಂದ ಎಂದು 1838ರಲ್ಲಿ ವಾದಿಸಿದ. ಗಿಡ ಪೂರ್ತಿ ಕೋಶಗಳಿಂದ ಆದದ್ದು ಎಂಬ ಅವನ ಮಾತು ನಿಂತಿತು. ಕೋಶ ಹುಟ್ಟುವ ಬಗೆ ಮಾತ್ರ ಪೂರ್ತಿ ತಪ್ಪು. ಲೋಳೆಯಲ್ಲಿ ಮೊದಲು ಸಣ್ಣ ಕಣ, ಅದರ ಸುತ್ತ ಹರಳುಗಟ್ಟಿದಂತೆ ಕೋಶಕೇಂದ್ರ, ಆಮೇಲೆ ಅದರ ಮೇಲೆ ಗಡಿಯಾರಕ್ಕೆ ಗಾಜು ಕೂರಿಸಿದಂತೆ ಒಂದು ಪೊರೆ ಉಬ್ಬಿ ಹೊಸ ಕೋಶ. ಶೂನ್ಯದಿಂದ ಅಲ್ಲದಿದ್ದರೂ ಬರೀ ದ್ರವದಿಂದ ಕೋಶ.

ಇದು ಹುಚ್ಚು ಕಲ್ಪನೆ ಆಗಿರಲಿಲ್ಲ. ಅವನು ನೋಡಿದ ವಸ್ತುವಿನಲ್ಲಿ ಹಾಗೆಯೇ ಕಾಣುತ್ತದೆ. ಶ್ಲೈಡನ್ ಆರಿಸಿಕೊಂಡದ್ದು ಬೀಜವಾಗುತ್ತಿರುವ ಅಂಡಕದ ಭ್ರೂಣಚೀಲ. ಅದರಲ್ಲಿ ಭ್ರೂಣಕ್ಕೆ ಆಹಾರವಾಗಿ ಬೆಳೆಯುವ ಭ್ರೂಣಾಹಾರದಲ್ಲಿ ಎಷ್ಟೋ ಗಿಡಗಳಲ್ಲಿ ಮೊದಲು ಕೋಶಕೇಂದ್ರಗಳು ಮಾತ್ರ ಮತ್ತೆ ಮತ್ತೆ ಇಬ್ಭಾಗವಾಗಿ ದ್ರವದಲ್ಲಿ ತೇಲುತ್ತಿರುತ್ತವೆ; ನಡುವೆ ಗೋಡೆ ಏಳುವುದು ಆಮೇಲೆ. ಎಳನೀರು ಅಂಥದ್ದೇ ಭ್ರೂಣಾಹಾರ. ತೀರ ಎಳೆಯ ಕಾಯಿಯಲ್ಲಿ ಬರೀ ನೀರು, ಅದರಲ್ಲಿ ಬಿಡಿ ಕೋಶಕೇಂದ್ರಗಳು. ಬಲಿತಂತೆ ಚಿಪ್ಪಿನ ಒಳಮೈಗೆ ಕೋಶಗಳ ಪದರ ಕಟ್ಟುತ್ತದೆ, ಅದೇ ನಾವು ಕೆರೆದು ತಿನ್ನುವ ಗಂಜಿ. ಇಂಥ ದ್ರವವನ್ನು ಮೊದಲು ನೋಡಿದವನಿಗೆ ಕೋಶಕೇಂದ್ರ ಮೊದಲು, ಕೋಶ ಆಮೇಲೆ ಎಂದು ಅನಿಸದೆ ಇನ್ನೇನು ಅನಿಸಬೇಕು? ಗಿಡದ ಬೇರೆ ಯಾವುದೇ ಭಾಗವನ್ನು ಮೊದಲು ಹಿಡಿದಿದ್ದರೆ ಈ ತಪ್ಪು ಇಷ್ಟು ಬೇರೂರುತ್ತಿರಲಿಲ್ಲ. ಅದಾಗಲೇ 1832ರಲ್ಲಿ ಬೆಲ್ಜಿಯಂನ ದ್ಯುಮೊರ್ತಿಯೆ, 1835ರಲ್ಲಿ ಜರ್ಮನಿಯ ಹ್ಯೂಗೊ ಫಾನ್ ಮೋಲ್ ನೀರಿನ ಪಾಚಿಯ ಎಳೆಗಳಲ್ಲಿ ಕೋಶ ಅಡ್ಡಗೋಡೆ ಬೆಳೆಸಿಕೊಂಡು ಎರಡಾಗುವುದನ್ನು ಬರೆದಿದ್ದರು.

ಇನ್ನೊಂದು ಕಾರಣವೂ ಇತ್ತು. ಕೋಶ ವಿಭಜಿಸುವಾಗ ಕೋಶಕೇಂದ್ರದ ಪೊರೆ ಕರಗುತ್ತದೆ, ಒಳಗಿನ ವರ್ಣತಂತುಗಳಿಗೆ ತಮ್ಮದೇ ಬಣ್ಣವಿಲ್ಲ. ಬಣ್ಣ ಹಾಕದೆ ನೋಡಿದರೆ ಕೋಶಕೇಂದ್ರ ಮಾಯವಾಗಿ, ಸ್ವಲ್ಪ ಹೊತ್ತಿನ ಮೇಲೆ ಎರಡು ಹೊಸ ಕೋಶಕೇಂದ್ರ ಎಲ್ಲಿಂದಲೋ ಮೂಡಿದಂತೆ ಕಾಣುತ್ತದೆ. ವಿಭಜನೆಯನ್ನು ಒಪ್ಪಿದವರೂ 1870ರ ದಶಕದವರೆಗೆ ಕೋಶಕೇಂದ್ರ ಕರಗಿ ಹೊಸದು ಹುಟ್ಟುತ್ತದೆ ಎಂದೇ ನಂಬಿದ್ದು ಇದರಿಂದ.

ಥಿಯೊಡೋರ್ ಶ್ವಾನ್ ಬರ್ಲಿನ್‌ನಲ್ಲಿ ಯೊಹಾನೆಸ್ ಮ್ಯೂಲರ್‌ನ ಸಹಾಯಕ. 1837ರಲ್ಲಿ ಊಟದ ಹೊತ್ತಿನಲ್ಲಿ ಶ್ಲೈಡನ್ ಗಿಡಗಳ ಕೋಶಕೇಂದ್ರದ ಮಾತೆತ್ತಿದಾಗ, ಅಂಥದ್ದನ್ನೇ ಗೊದಮೊಟ್ಟೆಯ ಬೆನ್ನಹುರಿಯ ಕೆಳಗೆ ಆಧಾರಕ್ಕಿರುವ ಕೋಲಿನಂಥ ನೋಟೋಕಾರ್ಡಿನಲ್ಲಿ ಕಂಡದ್ದು ಅವನಿಗೆ ಹೊಳೆಯಿತು. ಪ್ರಾಣಿಕೋಶದ ತೊಡಕು ಏನೆಂದರೆ ಅದಕ್ಕೆ ಗೋಡೆ ಇಲ್ಲ. ಪೊರೆ ಎಷ್ಟು ತೆಳು ಎಂದರೆ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಸಿಗುವುದೇ ಇಲ್ಲ. ಶ್ವಾನ್ ಗೋಡೆ ಹುಡುಕುವುದನ್ನು ಬಿಟ್ಟು ಕೋಶಕೇಂದ್ರವನ್ನೇ ಗುರುತಾಗಿ ಹಿಡಿದ. ಗಿಡದಂತೆಯೇ ಗೋಡೆ ಎದ್ದು ಕಾಣುವ ನೋಟೋಕಾರ್ಡ್, ಮೃದ್ವಸ್ಥಿಗಳಲ್ಲಿ ಮೊದಲು ಕಾಲೂರಿ, ಆಮೇಲೆ ಭ್ರೂಣಗಳಲ್ಲಿ ಉಗುರು, ಗರಿ, ಸ್ನಾಯು, ನರ ಒಂದೊಂದನ್ನೂ ಹಿಂದಕ್ಕೆ ಹಿಂಬಾಲಿಸಿ ಎಲ್ಲದರ ಆರಂಭದಲ್ಲೂ ಕೋಶಕೇಂದ್ರವಿರುವ ಕೋಶವನ್ನು ತೋರಿಸಿದ. 1839ರ ಅವನ ಪುಸ್ತಕದ ಶಕ್ತಿ ಇರುವುದು ಈ ಕ್ರಮದಲ್ಲಿ. ದುರದೃಷ್ಟಕ್ಕೆ ಶ್ಲೈಡನ್‌ನ ಹರಳುಗಟ್ಟುವ ಕಥೆಯನ್ನೂ ಅವನು ಹಾಗೇ ತೆಗೆದುಕೊಂಡ, ಪ್ರಾಣಿಗಳಲ್ಲಿ ಕೋಶಗಳು ಕೋಶಗಳ ಹೊರಗಿನ ದ್ರವದಲ್ಲೇ ಹುಟ್ಟುತ್ತವೆ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋದ.

ಇದನ್ನು ಕಿತ್ತುಹಾಕಿದವನು ರಾಬರ್ಟ್ ರೆಮಾಕ್. ಅವನೂ ಬರ್ಲಿನ್‌ನಲ್ಲಿ ಮ್ಯೂಲರ್‌ನ ಶಿಷ್ಯ. 1841ರಲ್ಲಿ ಕೋಳಿಭ್ರೂಣದ ರಕ್ತದಲ್ಲಿ ಕಣಗಳು ನಡುವೆ ಸಣ್ಣಗಾಗಿ ಎರಡಾಗುವುದನ್ನು ಕಂಡ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪೆಯ ಮೊಟ್ಟೆ ಹಿಡಿದು ಕೂತ. ಮೊಟ್ಟೆ ಎರಡು, ನಾಲ್ಕು, ಎಂಟಾಗಿ ಸೀಳುವುದನ್ನು 1824ರಲ್ಲೇ ಪ್ರೆವೋ, ದ್ಯುಮಾ ವಿವರಿಸಿದ್ದರು. ಆದರೆ ಅದು ಕೋಶವಿಭಜನೆಯೇ, ಮೈಮೇಲಿನ ಬರೀ ಗೆರೆಯೇ ಎಂಬುದೇ ಜಗಳ. ಕಪ್ಪೆಮೊಟ್ಟೆ ಅಪಾರದರ್ಶಕ, ಮೆತ್ತಗೆ, ಕೊಯ್ದರೆ ಹರಿಯುತ್ತದೆ. ರೆಮಾಕ್ ಅದನ್ನು ಗಟ್ಟಿಯಾಗಿಸುವ ದ್ರಾವಣ ಕಂಡುಕೊಂಡ. ಪೊರೆ ಕಾಣುವಂತಾಯಿತು, ಸೀಳು ಒಳಗಿನವರೆಗೂ ಹೋಗುವುದು ಕಂಡಿತು. ಆ ಭಾಗಗಳೇ ಮುಂದೆ ಭ್ರೂಣದ ಅಂಗಾಂಶಗಳಾಗುವುದನ್ನು ಬಿಡದೆ ಹಿಂಬಾಲಿಸಿ, ಕೋಶದ ಹೊರಗೆ ಕೋಶ ಹುಟ್ಟುವುದಿಲ್ಲ ಎಂದು 1852ರಲ್ಲಿ ಬರೆದ. 1855ರಲ್ಲಿ ಪೂರ್ತಿ ಪುಸ್ತಕವನ್ನೇ ಮುಗಿಸಿದ.

ಯಹೂದಿಯಾದ ರೆಮಾಕ್ ಧರ್ಮ ಬಿಡಲು ಒಪ್ಪಲಿಲ್ಲ, ಹಾಗಾಗಿ ಪ್ರಷ್ಯಾದಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆಯ ದಾರಿ ಅವನಿಗೆ ಮುಚ್ಚಿತ್ತು. ಬರ್ಲಿನ್‌ನಲ್ಲಿ ಪಾಠ ಹೇಳುವ ಹಕ್ಕು ಸಿಕ್ಕಿದ್ದೇ 1847ರಲ್ಲಿ, ಅದೂ ರಾಜನ ವಿಶೇಷ ಅಪ್ಪಣೆಯಿಂದ. ‘ಪ್ರತಿ ಕೋಶವೂ ಕೋಶದಿಂದಲೇ’ ಎಂಬ ಲ್ಯಾಟಿನ್ ಸೂತ್ರ ಇಂದು ರುಡಾಲ್ಫ್ ವಿರ್ಖೋ ಹೆಸರಿನಲ್ಲಿದೆ. ಅದನ್ನು 1825ರಲ್ಲೇ ಫ್ರಾನ್ಸಿನ ರಾಸ್ಪಾಯ್ ತನ್ನ ಬರಹದ ನೆತ್ತಿಯಲ್ಲಿ ಇಟ್ಟುಕೊಂಡಿದ್ದ, ಸಾಕ್ಷ್ಯ ಕೂಡಿಸಿದವನು ರೆಮಾಕ್, 1855ರಲ್ಲಿ ಅದನ್ನು ಘೋಷಣೆ ಮಾಡಿದವನು ವಿರ್ಖೋ. ವಿರ್ಖೋ ದೊಡ್ಡ ವಿಜ್ಞಾನಿ, ಅದರಲ್ಲಿ ಅನುಮಾನವಿಲ್ಲ. ಗಡ್ಡೆಯಾಗಲಿ ಕೀವಾಗಲಿ ಕೆಟ್ಟ ರಸದಿಂದ ಹುಟ್ಟುವುದಲ್ಲ, ದೇಹದ ಕೋಶಗಳಿಂದಲೇ ಬರುವುದು ಎಂದು 1858ರಲ್ಲಿ ಬರ್ಲಿನ್‌ನ 20 ಉಪನ್ಯಾಸಗಳಲ್ಲಿ ವೈದ್ಯರಿಗೆ ಮನಗಾಣಿಸಿದ. ಆದರೂ ಸಿದ್ಧಾಂತದ ಮೂರನೇ ಅಂಶಕ್ಕೆ ಹೆಸರು ಬರೆಯುವಾಗ ರೆಮಾಕ್‌ನನ್ನು ಬಿಡುವುದು ಅನ್ಯಾಯ. ನಮ್ಮ ಪಠ್ಯಪುಸ್ತಕ ಬರೆಯುವವರು ಅರ್ಧ ಸಾಲು ಸೇರಿಸಿದರೆ ಸಾಕು.

ಕೋಶಕೇಂದ್ರ ಮಾಯವಾಗುವ ಒಗಟು ಬಿಡಿಸಿದ್ದು ಬಣ್ಣ. 1858ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಗೆರ್ಲಾಖ್, ಕೊಚಿನೀಲ್ ಕೀಟದಿಂದ ತೆಗೆಯುವ ಕಾರ್ಮೈನ್ ಬಣ್ಣವನ್ನು ತೀರ ತೆಳ್ಳಗೆ ಮಾಡಿ ಹೆಚ್ಚು ಹೊತ್ತು ಬಿಟ್ಟರೆ ಅದು ಕೋಶಕೇಂದ್ರವನ್ನೇ ಆರಿಸಿ ಹಿಡಿಯುತ್ತದೆ ಎಂದು ಪ್ರಕಟಿಸಿದ. ಕೀಲ್ ನಗರದ ವಾಲ್ಟರ್ ಫ್ಲೆಮಿಂಗ್ ದೊಡ್ಡ ಕೋಶಕೇಂದ್ರಗಳಿರುವ ಸಾಲಮ್ಯಾಂಡರ್ ಮರಿಗಳನ್ನು ಆರಿಸಿಕೊಂಡು, ಹೊಸ ಅನಿಲೀನ್ ಎಂಬ ಕೃತಕ ಬಣ್ಣಗಳನ್ನು ಬಳಸಿ, ವರ್ಣತಂತುಗಳ ಎಳೆಗಳು ಉದ್ದಕ್ಕೆ ಸೀಳಿ ಎರಡೂ ಕಡೆ ಹಂಚಿಹೋಗುವುದನ್ನು 1882ರ ಪುಸ್ತಕದಲ್ಲಿ ಹಂತಹಂತವಾಗಿ ಬಿಡಿಸಿದ. ಕೋಶಕೇಂದ್ರವೂ ಕೋಶಕೇಂದ್ರದಿಂದಲೇ.

ಪಿಯು ಲ್ಯಾಬಿನ ಈರುಳ್ಳಿ ಬೇರಿನ ಪ್ರಯೋಗ ಇದೇ ಪರಂಪರೆಯದು. 2-3 ಸೆಂಟಿಮೀಟರ್ ಬೆಳೆದ ಬೇರನ್ನು ಬೆಳಿಗ್ಗೆ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಆಮೇಲೆ 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿಯಲ್ಲಿ ಸುಮಾರು 8 ನಿಮಿಷ. ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಸಡಿಲವಾಗುವುದು ಆಗ. ನೀರಿನಲ್ಲಿ ತೊಳೆದು, ತುದಿಯ 2 ಮಿಲಿಮೀಟರ್ ಮಾತ್ರ ಇಟ್ಟುಕೊಂಡು ಅಸಿಟೋಕಾರ್ಮೈನ್ ಹನಿಯಲ್ಲಿ ಹಾಕಿ, ಸ್ಲೈಡನ್ನು ಕುದಿಯದಂತೆ ಬೆಚ್ಚಗೆ ಮಾಡಿ, ಕವರ್ ಸ್ಲಿಪ್ ಮೇಲೆ ಬ್ಲಾಟಿಂಗ್ ಕಾಗದ ಇಟ್ಟು ನೇರ ಕೆಳಕ್ಕೆ ಒತ್ತಬೇಕು. ವಿಭಜನೆ ಕಾಣಲಿಲ್ಲ ಎಂಬ ದೂರಿಗೆ ಹೆಚ್ಚಾಗಿ ಎರಡೇ ಕಾರಣ: ತುದಿಯ ಬದಲು ಮೇಲಿನ ಭಾಗ ಇಟ್ಟಿರುತ್ತಾರೆ, ಇಲ್ಲವೇ ಆಮ್ಲದಲ್ಲಿ ಸಾಕಷ್ಟು ಹೊತ್ತು ಬಿಡದೆ ಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಬಣ್ಣ ಪೇಲವವಾದರೆ ಹನಿಯನ್ನು ಕಬ್ಬಿಣದ ಸೂಜಿಯಿಂದ ಕಲಕಿ. ಕಬ್ಬಿಣದ ಅಂಶ ಸೇರಿದರೆ ಕಾರ್ಮೈನ್ ಗಾಢವಾಗಿ ಹಿಡಿಯುತ್ತದೆ.

ಕೋಶ ಸಿದ್ಧಾಂತಕ್ಕೆ ಕೊನೆಯವರೆಗೂ ಮಣಿಯದೆ ನಿಂತದ್ದು ನರಮಂಡಲ. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1873ರಲ್ಲಿ ಪೊಟ್ಯಾಸಿಯಂ ಡೈಕ್ರೊಮೇಟ್‌ನಲ್ಲಿ ಗಟ್ಟಿಯಾಗಿಸಿದ ಮಿದುಳನ್ನು ಬೆಳ್ಳಿಯ ನೈಟ್ರೇಟಿನಲ್ಲಿ ನೆನೆಸಿದ. ಕೆಲವೇ ಕೆಲವು ನರಕೋಶಗಳು ಬುಡದಿಂದ ತುದಿಯವರೆಗೆ ಕಪ್ಪಾದವು, ಉಳಿದವು ಬಣ್ಣ ಹಿಡಿಯಲೇ ಇಲ್ಲ. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಗಾಲ್ಜಿ ಅದರಲ್ಲಿ ಎಲ್ಲ ಎಳೆಗಳೂ ಬೆಸೆದ ಒಂದೇ ಬಲೆ ಕಂಡ. ಸ್ಪೇನಿನ ಕಹಾಲ್ ಅದೇ ವಿಧಾನವನ್ನು 1888ರಿಂದ ಮರಿಗಳ, ಭ್ರೂಣಗಳ ಮಿದುಳಿಗೆ ಬಳಸಿದ. ಅಲ್ಲಿ ಎಳೆಗಳಿಗೆ ಇನ್ನೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಂದಿರುವುದಿಲ್ಲ, ಬೆಳ್ಳಿ ಪೂರ್ತಿ ಹಿಡಿಯುತ್ತದೆ, ಎಳೆ ಎಲ್ಲಿ ಮುಗಿಯುತ್ತದೆ ಎಂಬುದು ಕಾಣುತ್ತದೆ. ನರಕೋಶಗಳು ತಾಕುತ್ತವೆ, ಬೆಸೆದಿಲ್ಲ ಎಂದ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂದಾಗಲೂ ಗಾಲ್ಜಿ ತನ್ನ ಭಾಷಣದಲ್ಲಿ ನರಕೋಶ ಸಿದ್ಧಾಂತವನ್ನು ಒಪ್ಪಲಿಲ್ಲ. ಬೆಳಕಿನಲ್ಲಿ ಈ ವಾದ ಮುಗಿಯುವಂತೆಯೂ ಇರಲಿಲ್ಲ: ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೆಳಕು ಬಿಡಿಸಿ ತೋರಿಸಲಾರದು, ಎರಡು ನರಕೋಶಗಳ ನಡುವಿನ ಬಿರುಕು ಸುಮಾರು 20 ನ್ಯಾನೊಮೀಟರ್. ಅದನ್ನು ತೋರಿಸಿದ್ದು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಅದೇ ದಶಕದಲ್ಲಿ ಹೃದಯದ ಸ್ನಾಯುವಿನ ಲೆಕ್ಕವೂ ಚುಕ್ತಾ ಆಯಿತು. ಅದು ಕೋಶಗಳು ಬೆಸೆದ ಒಂದೇ ರಾಶಿ ಎಂದು ಅನೇಕರು ನಂಬಿದ್ದರು. ಅಡ್ಡಕ್ಕೆ ಕಾಣುತ್ತಿದ್ದ ಕಪ್ಪು ಗೆರೆಗಳು ಎರಡು ಕೋಶಗಳ ಪೊರೆ ಎದುರುಬದುರಾದ ಜಾಗ ಎಂದು ಎಲೆಕ್ಟ್ರಾನ್ ಚಿತ್ರ ತೋರಿಸಿತು. ಕೈಕಾಲಿನ ಸ್ನಾಯುವಿನ ಎಳೆ ಮಾತ್ರ ನಿಜಕ್ಕೂ ನೂರಾರು ಕೋಶಗಳು ಕೂಡಿ ಆದದ್ದು, ಶ್ವಾನ್ 1839ರಲ್ಲಿ ಹೇಳಿದಂತೆಯೇ. ನರದ ಎಳೆಯೂ ಹಾಗೆಯೇ ಕೋಶಗಳ ಸಾಲು ಬೆಸೆದು ಆದದ್ದು ಎಂದು ಅವನು ಬರೆದಿದ್ದ. ಅಲ್ಲಿ ಅವನಿಗೆ ಸಾಲಾಗಿ ಕಂಡಿದ್ದ ಕೋಶಕೇಂದ್ರಗಳು ಎಳೆಯನ್ನು ಸುತ್ತಿಕೊಂಡ ಹೊದಿಕೆಯವು, ಇಂದು ಶ್ವಾನ್ ಕೋಶ ಎಂದು ಕರೆಯುವುದು ಅವನ್ನೇ.